ಕಾರಿನ ಹಿಂದೆ ಕಯಾಕ್ ಟ್ರೈಲರ್: ಓಲಾಟ, ಸದ್ದು, ಹತ್ತದ ಲೈಟು, ತೊಂದ್ರೆ ಎಲ್ಲಿದೆ ಅಂತ ಹುಡುಕೋದು ಹೇಗೆ

ಹಾಯಿ ಹಾಕೋ ಸಣ್ಣ ಕಯಾಕ್ (ಉದ್ದನೆ ಕಿರಿದಾದ ದೋಣಿ) ಅಂದ್ರೆ ಕಂಬ, ಹಾಯಿ, ಚುಕ್ಕಾಣಿ, ಪಕ್ಕದ ಫ್ಲೋಟುಗಳು ಎಲ್ಲಾ ಸೇರಿ 60-80 ಕೆಜಿ, ಟ್ರೈಲರ್ ಇನ್ನೊಂದು 100 ಕೆಜಿ, ಅಷ್ಟೇ. ಸಾಮಾನ್ಯ ಕಾರಿಗೆ ಇದೇನೂ ಭಾರ ಅಲ್ಲ. ತೊಂದ್ರೆ ಶುರುವಾಗೋದೂ ಅಲ್ಲೇ, ಯಾಕಂದ್ರೆ ಹಿಂದೆ ಏನೋ ಕಟ್ಕೊಂಡು ಬಂದಿದೀವಿ ಅನ್ನೋದೇ ಮರ್ತುಹೋಗುತ್ತೆ. ಭಾರದ ಟ್ರೈಲರ್ ಆದ್ರೆ ಏನಾದ್ರೂ ಕೆಟ್ಟ ತಕ್ಷಣ ಕಾರನ್ನ ಹಿಡಿದು ಜಗ್ಗುತ್ತೆ, ಇದು ಹಾಗಲ್ಲ, ಸುಮ್ನೆ ಹಿಂದೆ ಬರ್ತಾ ಬರ್ತಾನೇ ಬೇರಿಂಗ್ ಸುಟ್ಕೊಂಡಿರುತ್ತೆ, ಲೈಟು ಆರಿರುತ್ತೆ, ನಮಗೆ ಗೊತ್ತಾಗೋದು ಹಿಂದಿನ ಗಾಡಿಯವ್ರು ಹಾರ್ನ್ ಹೊಡೆದಾಗ್ಲೇ. ಸಾಲದ್ದಕ್ಕೆ ಪ್ರತಿ ಸಲ ಇದನ್ನ ನೀರಿಗೆ ಬೇರೆ ಇಳಿಸ್ತೀವಿ. ನಾನು ನೋಡಿದ ಮಟ್ಟಿಗೆ ಇಂಥ ಟ್ರೈಲರ್‌ಗಳು ಭಾರಕ್ಕೆ ಕೆಡೋದಿಲ್ಲ, ಹಗುರ ಇರೋದಕ್ಕೆ ಮತ್ತೆ ನೀರಿಗೆ ಕೆಡ್ತವೆ.

ಶುರು ಮಾಡೋ ಮುಂಚೆ ಒಂದೇ ಒಂದು ಕೆಲ್ಸ: ಕಾರಿನ ಮ್ಯಾನುಯಲ್ ತೆಗೆದು ಆ ಮಾಡೆಲ್‌ಗೆ ಟ್ರೈಲರ್ ಎಳೆಯೋಕೆ ಅನುಮತಿ ಇದ್ಯಾ, ಬ್ರೇಕ್ ಇಲ್ಲದ ಟ್ರೈಲರ್ ಎಷ್ಟು ಕೆಜಿವರೆಗೆ, ಹಿಚ್ (ಟ್ರೈಲರ್ ಸಿಗ್ಸೋಕೆ ಕಾರಿನ ಹಿಂದೆ ಇರೋ ಕೊಂಡಿ) ಮೇಲೆ ಎಷ್ಟು ಭಾರ ಬೀಳ್ಬಹುದು ಅಂತ ನೋಡಿ. ಕೆಲವು ಕಾರಿಗೆ ಅನುಮತಿನೇ ಇರಲ್ಲ. ಇಲ್ಲ ಅಂತ ಬರೆದಿದ್ರೆ ಮುಂದಿನದ್ದೆಲ್ಲ ಓದಿ ಪ್ರಯೋಜನ ಇಲ್ಲ, ಬೇರೆ ಗಾಡಿ ನೋಡ್ಕೊಳ್ಳಿ.

ಸ್ಪೀಡ್ ಹೆಚ್ಚಿದ ಹಾಗೆ ಟ್ರೈಲರ್ ಬಾಲ ಅಲ್ಲಾಡ್ಸುತ್ತೆ

ಇದು ಎಲ್ಲಕ್ಕಿಂತ ಅಪಾಯದ್ದು, ಅದಕ್ಕೇ ಮೊದ್ಲು ಇದು. ಓಡಿಸ್ತಾ ಇರುವಾಗ್ಲೇ ಶುರುವಾದ್ರೆ ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ಸ್ಟೀರಿಂಗ್ ನೆಟ್ಟಗೆ ಹಿಡ್ಕೊಂಡಿರಿ, ತಾನಾಗೇ ಸ್ಪೀಡ್ ಇಳಿಯೋಕೆ ಬಿಡಿ. ಜೋರಾಗಿ ಬ್ರೇಕ್ ಹಾಕ್ಬೇಡಿ, ಟ್ರೈಲರ್ ಆ ಕಡೆ ಹೋದಾಗ ಈ ಕಡೆ ಸ್ಟೀರಿಂಗ್ ತಿರುಗಿಸಿ ಸರಿ ಮಾಡೋಕೆ ಹೋಗ್ಬೇಡಿ, ಸ್ಪೀಡ್ ಜಾಸ್ತಿ ಮಾಡಿದ್ರೆ ನೆಟ್ಟಗಾಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅದನ್ನಂತೂ ಕೇಳ್ಲೇಬೇಡಿ.

ನಿಂತ ಮೇಲೆ ಮೊದಲ ಚೆಕ್ ಟೈರ್ ಗಾಳಿ, ಎರಡೂ ಕಡೆ ಒಂದೇ ಸಮ ಇರ್ಬೇಕು. ಒಂದು ಕಡೆ ಮೆತ್ತಗಿದ್ರೆ ಅಷ್ಟಕ್ಕೇ ಓಲಾಟ ಬರ್ಬಹುದು.

ಗಾಳಿ ಸರಿ ಇದ್ರೆ ಹತ್ತರಲ್ಲಿ ಎಂಟು ಸಲ ಕಾರಣ ಒಂದೇ: ಮೂತಿ ಭಾರ ಸಾಲ್ತಾ ಇಲ್ಲ, ಅಂದ್ರೆ ಟ್ರೈಲರಿನ ಮುಂದಿನ ತುದಿ ಕಾರಿನ ಬಾಲ್ (ಹಿಚ್ಚಿನ ಮೇಲಿರೋ ಲೋಹದ ಗುಂಡು) ಮೇಲೆ ಒತ್ತೋ ಭಾರ. ಒಟ್ಟು ತೂಕದ ಶೇಕಡ 10ರ ಹತ್ರ ಇದ್ರೆ ಸಾಮಾನ್ಯವಾಗಿ ನೆಮ್ಮದಿ, ಅಂದ್ರೆ ಎಲ್ಲಾ ಸೇರಿ 160 ಕೆಜಿ ಇದ್ರೆ 16 ಕೆಜಿ ಆಸುಪಾಸು, ಆದ್ರೆ ಕಾರು ಮತ್ತೆ ಹಿಚ್ಚಿನ ಮಿತಿ ಮೀರ್ಬಾರ್ದು. ಅಳೆಯೋಕೆ ಮನೇಲಿ ಮೈತೂಕ ನೋಡೋ ಸ್ಕೇಲೇ ಸಾಕು. ಟ್ರೈಲರನ್ನ ಸಮ ನೆಲದ ಮೇಲೆ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಪ್ರಯಾಣಕ್ಕೆ ಹಾಕೋ ಸಾಮಾನೆಲ್ಲ ಹಾಕಿ, ಕಪ್ಲರ್ (ಬಾಲ್ ಮೇಲೆ ಕೂತು ಲಾಕ್ ಆಗೋ ಟ್ರೈಲರಿನ ತುದಿ) ಕಾರಿಗೆ ಕೂರೋ ಎತ್ತರದಲ್ಲೇ ಬರೋ ಹಾಗೆ ಒಂದು ಮರದ ತುಂಡನ್ನ ಸ್ಕೇಲ್ ಮೇಲಿಟ್ಟು ಅದರ ಮೇಲೆ ಕೂರ್ಸಿ. ಐದಾರು ಕೆಜಿ ತೋರಿಸಿದ್ರೆ ಓಲಾಡದೆ ಇನ್ನೇನು ಮಾಡುತ್ತೆ.

ಸರಿ ಮಾಡೋದು ಸುಲಭ, ಕಯಾಕನ್ನೇ ಮುಂದಕ್ಕೆ ಜರುಗ್ಸಿ. ಲೆಕ್ಕ ಹೀಗೆ: 60 ಕೆಜಿ ಕಯಾಕನ್ನ 25 ಸೆಂಟಿಮೀಟರ್ ಮುಂದೆ ತಂದ್ರೆ, ಆಕ್ಸಲ್‌ನಿಂದ ಕಪ್ಲರ್‌ಗೆ 2.5 ಮೀಟರ್ ಇದ್ರೆ, ಮೂತಿ ಭಾರ 6 ಕೆಜಿ ಏರುತ್ತೆ. ಆಮೇಲೆ ವಿಂಚ್ ಕಂಬಾನೂ (ಕಯಾಕನ್ನ ಟ್ರೈಲರ್ ಮೇಲೆ ಎಳ್ಕೊಳ್ಳೋ ರಾಟೆ ಇರೋ ಮುಂದಿನ ಕಂಬ) ಅಷ್ಟೇ ಮುಂದೆ ತಂದು ಬಿಗೀರಿ, ಇಲ್ಲಾಂದ್ರೆ ಮುಂದಿನ ಸಲ ಮತ್ತೆ ಹಳೇ ಜಾಗಕ್ಕೇ ಕೂರುತ್ತೆ. ಮುಂದೆ ತಂದಾಗ ಕಯಾಕ್ ಮೂತಿ ಕಾರಿನ ಡಿಕ್ಕಿಗೆ ತಾಗಲ್ವಾ ಅಂತ ಖಾಲಿ ಜಾಗದಲ್ಲಿ ನಿಧಾನಕ್ಕೆ ಎರಡೂ ಕಡೆ ಫುಲ್ ತಿರುಗಿಸಿ ನೋಡಿ, ಡಿಕ್ಕಿ ಬಾಗಿಲು ತೆಗೆದೂ ನೋಡಿ. ನಾನು ಎರಡನೇದು ನೋಡಿರ್ಲಿಲ್ಲ, ಬಾಗಿಲ ಮೇಲೆ ಗುರುತು ಇನ್ನೂ ಇದೆ.

ಇನ್ನೊಂದು ವಿಚಿತ್ರ ಲಕ್ಷಣ: ಹೋಗುವಾಗ ಗುಂಡು ಹೊಡೆದ ಹಾಗೆ ನೆಟ್ಟಗೆ ಬಂದ ಟ್ರೈಲರ್ ವಾಪಸ್ ಬರುವಾಗ ಓಲಾಡುತ್ತೆ. ಇದಕ್ಕೆ ನಾನು ಹಿಚ್ಚು, ಬೇರಿಂಗ್ ಎಲ್ಲಾ ಬಿಚ್ಚಿ ನೋಡಿ ತಲೆ ಕೆಡಿಸ್ಕೊಂಡಿದ್ದೆ, ಕೊನೆಗೆ ನೋಡಿದ್ರೆ ಕಯಾಕ್ ಹೊಟ್ಟೆ ಒಳಗೆ ನೀರು. ಹಾಯಿ ಹಾಕ್ಕೊಂಡು ಅಲೆಗೆ ಹೊಡೆಸ್ಕೊಂಡು ಬಂದ ಮೇಲೆ ಒಳಗೆ 20-30 ಲೀಟರ್ ಇರೋದು ದೊಡ್ಡ ವಿಷ್ಯ ಅಲ್ಲ, ಅದು 20-30 ಕೆಜಿ, ಅದೂ ಸುಮ್ನೆ ಒಂದು ಕಡೆ ಕೂರದೆ ಹಿಂದೆ ಮುಂದೆ ಹರಿದಾಡೋ ಭಾರ. ಜೊತೆಗೆ ಒದ್ದೆ ಲೈಫ್ ಜಾಕೆಟ್, ಹುಟ್ಟು, ಆಂಕರ್ ಎಲ್ಲಾ ಸುಸ್ತಾಗಿ ಹಿಂದಿನ ತುದಿಗೆ ಎಸೆದಿರ್ತೀವಿ. ದಡದಲ್ಲೇ ಡ್ರೈನ್ ಪ್ಲಗ್ ತೆಗೆದು, ಮೂತಿ ಎತ್ತಿ, ನೀರು ಪೂರ್ತಿ ಹೋಗೋವರೆಗೆ ಕಾಯಿರಿ.

ಇಷ್ಟು ಮಾಡಿಯೂ ಓಲಾಡಿದ್ರೆ ಟೇಪ್ ಹಿಡೀರಿ. ಕಪ್ಲರ್ ಮಧ್ಯದಿಂದ ಆಕ್ಸಲಿನ ಎಡ ತುದಿಗೂ ಬಲ ತುದಿಗೂ ದೂರ ಒಂದೇ ಇರ್ಬೇಕು. ಒಂದು ಸೆಂಟಿಮೀಟರ್ ವ್ಯತ್ಯಾಸ ಕಂಡ್ರೂ ಆಕ್ಸಲ್ ಹಿಡಿದಿರೋ ಯು-ಬೋಲ್ಟ್ ಜಾರಿರ್ಬಹುದು. ಬರೀ ಜಾರಿದ್ರೆ ಸರಿಗೆ ತಂದು ಬಿಗೀಬಹುದು, ಆಕ್ಸಲ್ಲೇ ಬಾಗಿದ್ರೆ ಅಥ್ವಾ ವೆಲ್ಡಿಂಗ್ ಬಿರುಕು ಬಿಟ್ಟಿದ್ರೆ ಟ್ರೈಲರ್ ರಿಪೇರಿ ಮಾಡೋವ್ರಿಗೆ ಕೊಡಿ, ರೋಡ್ ಮೇಲೆ ತರ್ಬೇಡಿ.

ಹೊರಡುವಾಗ, ಬ್ರೇಕ್ ಹಾಕ್ದಾಗ ಹಿಂದಿಂದ "ಕಟಕ್" ಅನ್ನುತ್ತೆ

ಸ್ವಲ್ಪ ಸದ್ದು ಮಾಮೂಲಿ, ಹಗುರ ಟ್ರೈಲರ್ ಬಾಲ್ ಮೇಲೆ ಆಡ್ತಾನೇ ಇರುತ್ತೆ. ಆದ್ರೆ ನಿನ್ನೆವರೆಗೂ ಇಲ್ದೇ ಇದ್ದ ಸದ್ದು ಇವತ್ತು ಬಂದ್ರೆ ಗಾಡಿ ನಿಲ್ಸಿ ನೋಡಿ. ಮೊದ್ಲು ಕಪ್ಲರಿನ ಲಾಕ್ ಪೂರ್ತಿ ಕೂತಿದ್ಯಾ. ಪರೀಕ್ಷೆ ಏನಂದ್ರೆ ಟ್ರೈಲರಿನ ಮೂತಿ ಹಿಡ್ಕೊಂಡು ಮೇಲಕ್ಕೆ ಎತ್ತೋದು, ಜೊತೆಗೆ ಕಾರಿನ ಹಿಂಭಾಗವೂ ಏಳ್ಬೇಕು. ಕಪ್ಲರ್ ಮಾತ್ರ ಕೈಗೆ ಬಂತು ಅಂದ್ರೆ ಅದು ಬಾಲ್ ಮೇಲೆ ಸುಮ್ನೆ ಕೂತಿತ್ತು ಅಷ್ಟೇ, ಇಷ್ಟು ದೂರ ಬಂದಿದ್ದೇ ಪುಣ್ಯ.

ಲಾಕ್ ಸರಿ ಇದ್ದೂ ಆಡ್ತಾ ಇದ್ರೆ ಸೈಜ್ ನೋಡಿ. ಬಾಲ್‌ಗಳು 50 ಮಿಲಿಮೀಟರ್, 2 ಇಂಚು ಅಂದ್ರೆ 50.8, ಮತ್ತೆ ಒಂದು ಮುಕ್ಕಾಲು ಚಿಲ್ಲರೆ ಇಂಚಿನ 47.6 ಮಿಲಿಮೀಟರ್, ಹೀಗೆ ಬೇರೆ ಬೇರೆ ಬರ್ತವೆ, ಕಣ್ಣಲ್ಲಿ ನೋಡಿದ್ರೆ ಒಂದೇ ಥರ. 50ರ ಕಪ್ಲರ್ 47.6ರ ಬಾಲ್ ಮೇಲೆ ಚೆನ್ನಾಗೇ ಕೂರುತ್ತೆ, ಲಾಕೂ ಬೀಳುತ್ತೆ, ಒಂದು ಹಂಪ್ ಬಂದಾಗ ಹಾರಿಹೋಗುತ್ತೆ. ಸೈಜನ್ನ ಬಾಲ್ ತಲೆ ಮೇಲೂ ಕಪ್ಲರ್ ಮೇಲೂ ಕೆತ್ತಿರ್ತಾರೆ, ಎರಡೂ ತಾಳೆ ಆಗ್ಬೇಕು. ಹಳೇ 50ರ ಬಾಲ್ ಸವೆದು 49ಕ್ಕೆ ಬಂದಿದ್ರೆ ಬದಲಾಯಿಸೋದೇ. ಬಾಲ್ ಕೆಳಗಿನ ನಟ್ಟು ಸಡಿಲ ಆಗಿದ್ಯಾ ಅದೂ ನೋಡಿ, ಎಷ್ಟೋ ಸಲ ಸದ್ದು ಅಲ್ಲಿಂದಾನೇ.

ಸೇಫ್ಟಿ ಚೈನ್ ಎರಡಿದ್ರೆ ಕಪ್ಲರ್ ಕೆಳಗೆ ಒಂದಕ್ಕೊಂದು ಅಡ್ಡ ಬರೋ ಹಾಗೆ ಸಿಗ್ಸಿ, ಬಿಚ್ಕೊಂಡ್ರೂ ಮೂತಿ ನೆಲಕ್ಕೆ ಚುಚ್ಕೊಳ್ಳದೆ ಆ ಚೈನಿನ ತೊಟ್ಟಿಲಲ್ಲಿ ಬೀಳುತ್ತೆ.

ಚಕ್ರದ ಹತ್ರ ಗುರ್ರ್ ಅನ್ನೋ ಸದ್ದು, ಸುಟ್ಟ ವಾಸನೆ, ಹಬ್ ಬಿಸಿ

ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ದಾರೀಲಿ ಕೂರ್ಸೋದು ಇದೇ.

ಸಣ್ಣ ಟ್ರೈಲರಿನ 8 ಇಂಚ್ ರಿಮ್ಮಿನ ಚಕ್ರ, ಟೈರ್ ಸೇರಿ ಸುಮಾರು 41 ಸೆಂಟಿಮೀಟರ್ ಎತ್ತರ. ಕಾರಿನ ಚಕ್ರ ಒಂದು ಕಿಲೋಮೀಟರಿಗೆ 530 ಸುತ್ತು ಸುತ್ತಿದ್ರೆ ಇದು 770ರ ಹತ್ರ ಸುತ್ತುತ್ತೆ. ಹೆದ್ದಾರೀಲಿ ಗಂಟೆಗಟ್ಲೆ ಹೀಗೆ ಸುತ್ತಿ ಬಿಸಿಯಾದ ಹಬ್ (ಚಕ್ರದ ನಡುವೆ ಬೇರಿಂಗ್ ಕೂರೋ ಭಾಗ) ತಗೊಂಡೋಗಿ ನೇರ ತಣ್ಣನೆ ನೀರಲ್ಲಿ ಮುಳುಗಿಸ್ತೀವಿ. ಒಳಗಿನ ಬಿಸಿ ಗಾಳಿ ಕುಗ್ಗುತ್ತೆ, ಸೀಲ್ ಸ್ವಲ್ಪ ಹಳೇದಾಗಿದ್ರೆ ಆ ಸಂದಿಂದ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ಗ್ರೀಸ್ ಜೊತೆ ನೀರು ಸೇರಿದ್ರೆ ಬೇರಿಂಗಿಗೆ ತುಕ್ಕು, ತುಕ್ಕು ಬಂದ್ರೆ ಸದ್ದು, ಸದ್ದು ಬಂದು ಸ್ವಲ್ಪ ದಿನಕ್ಕೆ ಹಬ್ ಬಿಗಿದು ನಿಲ್ಲುತ್ತೆ.

ಕಾಸಿಲ್ಲದ ಚೆಕ್ ಅಂದ್ರೆ ಕೈ. ಹೊರಟು ಅರ್ಧ ಗಂಟೆಗೆ ಒಂದ್ಸಲ ನಿಲ್ಸಿ, ಹಿಂಗೈನ ಮೊದ್ಲು ಹತ್ರ ತಂದು ಶಾಖ ಹೊಡೀತಿದ್ಯಾ ನೋಡ್ಕೊಂಡು ಆಮೇಲೆ ಹಬ್ ಮುಟ್ಟಿ. ಬೆಚ್ಚಗಿದ್ರೆ ಸರಿ. ಎರಡೂ ಕಡೆ ಹೋಲಿಸಿ ನೋಡೋದು ಮುಖ್ಯ, ಒಂದು ಬೆಚ್ಚಗೆ ಇನ್ನೊಂದು ಬಿಸಿ ಇದ್ರೆ ಬಿಸಿ ಇರೋ ಕಡೆ ಕಾಯಿಲೆ. ಮೂರು ಸೆಕೆಂಡ್ ಕೈ ಇಡೋಕಾಗ್ತಿಲ್ಲ ಅಂದ್ರೆ ಅಲ್ಲಿಗೆ ಪ್ರಯಾಣ ಮುಗೀತು.

ರಿಮ್ಮಿನ ಒಳಗಡೆ ಗ್ರೀಸ್ ಸಿಡಿದ ಗೆರೆಗಳಿದ್ರೆ ಹಿಂದಿನ ಸೀಲ್ ಹೋಗಿದೆ. ಇದನ್ನ ನಾನೊಂದ್ಸಲ ಕಂಡೂ ಕಾಣದ ಹಾಗೆ ಬಟ್ಟೇಲಿ ಒರೆಸಿ ಬಿಟ್ಟಿದ್ದೆ, ಎರಡು ಟ್ರಿಪ್ ಆದ್ಮೇಲೆ ಅದೇ ಚಕ್ರ ರಸ್ತೆ ಬದೀಲಿ ಹೊಗೆ ಹಾಕ್ತು.

ಮನೇಲಿ ಮಾಡೋ ಪರೀಕ್ಷೆ: ಟ್ರೈಲರನ್ನ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರ್ಸಿ, ಬರೀ ಜಾಕ್ ನಂಬಿ ಕೆಳಗೆ ಕೈ ಹಾಕ್ಬೇಡಿ. ಚಕ್ರದ ಮೇಲ್ಗಡೆ ಒಂದು ಕೈ ಕೆಳಗಡೆ ಒಂದು ಕೈ ಇಟ್ಟು ಆಡ್ಸಿ. ಕಂಡೂ ಕಾಣದಷ್ಟು ಆಟ ಇರ್ಬಹುದು, ಲಟಲಟ ಅಂದ್ರೆ ಬೇರಿಂಗ್ ಸಡಿಲ ಅಥ್ವಾ ಸವೆದಿದೆ. ಆಮೇಲೆ ಕೈಲಿ ಸುತ್ತಿಸಿ ಕಿವಿ ಕೊಡಿ, ಮರಳು ಅರೆದ ಹಾಗೆ ಕೇಳಿಸಿದ್ರೆ ಬಿಚ್ಚಲೇಬೇಕು. ಡಸ್ಟ್ ಕ್ಯಾಪ್ ತೆಗೆದಾಗ ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ರೆ ನೀರು ಹೋಗಿದೆ, ಅದರ ಮೇಲೇ ಹೊಸ ಗ್ರೀಸ್ ತುಂಬೋದು ದಂಡ. ಪೂರ್ತಿ ತೊಳೆದು, ರೋಲರ್ ಮೇಲೆ ನೀಲಿ ಬಣ್ಣ, ಗುಳಿ, ತುಕ್ಕು ಏನಾದ್ರೂ ಕಂಡ್ರೆ ಬೇರಿಂಗು ಮತ್ತೆ ಅದು ಕೂರೋ ಹೊರ ಬಳೆ ಎರಡನ್ನೂ ಜೋಡಿಯಾಗೇ ಬದಲಾಯ್ಸಿ, ಸೀಲ್ ಹೊಸದು ಹಾಕಿ, ನೀರಿಗೆ ತಡೆಯೋ ಮೆರೈನ್ ಗ್ರೀಸ್ ತುಂಬಿ. ನಟ್ಟನ್ನ ಚಕ್ರ ತಿರುಗಿಸ್ತಾ ಬಿಗಿದು, ಆಮೇಲೆ ಸಡಿಲಿಸಿ, ಬೆರಳಲ್ಲಿ ಬಿಗಿಯೋಷ್ಟು ಮಾತ್ರ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಹಾಕ್ಬೇಕು. ಜೋರಾಗಿ ಬಿಗಿದು ಬಿಟ್ರೆ ಹೊಸ ಬೇರಿಂಗೇ ಸುಡುತ್ತೆ. ಈ ಕೆಲ್ಸ ಒಮ್ಮೆಯೂ ಮಾಡಿಲ್ಲ ಅಂದ್ರೆ ಮೊದಲ ಸಲ ಮೆಕ್ಯಾನಿಕ್ ಹತ್ರ ಮಾಡಿಸಿ ಪಕ್ಕದಲ್ಲಿ ನಿಂತು ನೋಡಿ.

ಕ್ಯಾಪಿನಲ್ಲೇ ಗ್ರೀಸ್ ನಿಪ್ಪಲ್ ಇದ್ರೆ ಸಿಕ್ಕಾಪಟ್ಟೆ ಪಂಪ್ ಮಾಡ್ಬೇಡಿ, ಹಿಂದಿನ ಸೀಲ್ ಕಿತ್ತು ಹೊರಗೆ ಬರುತ್ತೆ.

ದಾರೀಲಿ ಹೊಗೆ ಬಂದ್ರೆ, ಚಕ್ರ ವಾಲಿ ತಿರುಗಿದ್ರೆ, ನಿಧಾನಕ್ಕೆ ಮನೆಗೆ ಹೋಗ್ಬಿಡೋಣ ಅನ್ನೋ ಯೋಚನೆ ಬಿಡಿ, ಹಬ್ ಸಮೇತ ಚಕ್ರ ಕಳಚ್ಕೊಂಡು ಎದುರು ಗಾಡಿಗೆ ಹೋಗಿ ಹೊಡೆಯುತ್ತೆ. ಹಗುರ ಅನ್ನೋದು ಇಲ್ಲಿ ಅನುಕೂಲಕ್ಕೆ ಬರುತ್ತೆ, ಕಾರಿನ ಟಾಪ್ ಮೇಲೆ ಕ್ಯಾರಿಯರ್ ಇದ್ದು ಅದು ಅಷ್ಟು ತೂಕ ಹೊರೋದಾದ್ರೆ ಇಬ್ರು ಸೇರಿ ಕಯಾಕ್ ಅಲ್ಲಿ ಕಟ್ಟಿ, ಟ್ರೈಲರನ್ನ ಸೇಫಾದ ಜಾಗದಲ್ಲಿ ಬಿಟ್ಟು ಬನ್ನಿ. ಬೇರಿಂಗು ಗ್ರೀಸು ಎಲ್ಲಾ ತುಂಬಿದ ರೆಡಿ ಹಬ್ ಒಂದನ್ನ ಡಿಕ್ಕೀಲಿ ಇಟ್ಕೊಂಡ್ರೆ ಇನ್ನೂ ಒಳ್ಳೇದು, ಸ್ಟೆಪ್ನಿ ಎಷ್ಟು ಮುಖ್ಯಾನೋ ಇದೂ ಅಷ್ಟೇ.

ಟ್ರೈಲರ್ ಕಪ್ಪೆ ಥರ ಕುಣಿಯುತ್ತೆ, ಟೈರ್ ಒಂದು ಕಡೆ ಸವೆಯುತ್ತೆ

400-500 ಕೆಜಿ ಹೊರೋಕೆ ಮಾಡಿರೋ ಪ್ಲೇಟ್ ಸ್ಪ್ರಿಂಗ್ ಮೇಲೆ 70 ಕೆಜಿ ಇಟ್ರೆ ಸ್ಪ್ರಿಂಗ್ ಬಗ್ಗೋದೇ ಇಲ್ಲ, ಪ್ರತಿ ಗುಂಡಿಯ ಏಟೂ ನೇರ ಕಯಾಕಿಗೆ ಹೋಗುತ್ತೆ. ಗಾಳಿ ಅತಿ ಆಗಿದ್ರೆ ಇನ್ನೂ ಜಾಸ್ತಿ. ಟೈರ್ ಮೇಲೆ ಬರೆದಿರೋದು ಪೂರ್ತಿ ಭಾರಕ್ಕೆ ಬೇಕಾದ ಗರಿಷ್ಠ ಪ್ರೆಷರ್, ನಿಮ್ಮ ಭಾರಕ್ಕೆ ಎಷ್ಟು ಅಂತ ಟ್ರೈಲರ್ ಮಾಡಿದವ್ರ ಪ್ಲೇಟಲ್ಲಿ ನೋಡಿ, ಅದಕ್ಕಿಂತ ಕೆಳಗೆ ಮಾತ್ರ ಇಳಿಸ್ಬೇಡಿ, ಮೆತ್ತಗಿನ ಟೈರ್ ಬಿಸಿಯಾಗಿ ಒಡೆಯುತ್ತೆ. ಸ್ಪ್ರಿಂಗಿನ ಒಂದು ಪ್ಲೇಟ್ ತೆಗೆದುಬಿಡಿ ಅಂತ ಸುಲಭವಾಗಿ ಹೇಳೋರಿದಾರೆ, ಅದನ್ನ ಗೊತ್ತಿರೋವ್ರ ಕೈಲೇ ಮಾಡಿಸಿ.

ಒಂದು ಅಂಚು ಮಾತ್ರ ಸವೆದ್ರೆ ಆಕ್ಸಲ್ ಓರೆ, ಮಧ್ಯ ಸವೆದ್ರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದ್ರೆ ಗಾಳಿ ಕಮ್ಮಿ. ಆದ್ರೆ ಕಯಾಕ್ ಟ್ರೈಲರಿನ ಟೈರ್ ಸವೆಯೋ ಮುಂಚೆ ಮುದಿಯಾಗುತ್ತೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಗೀರು ಚೆನ್ನಾಗಿದ್ರೂ ಪಕ್ಕದ ಗೋಡೇಲಿ ಸಣ್ಣ ಬಿರುಕು ಕಂಡ್ರೆ ಬದಲಾಯ್ಸಿ.

ಲೈಟು ಹತ್ತಲ್ಲ, ಇಲ್ಲಾ ಏನೇನೋ ಹತ್ತುತ್ತೆ

ಲಕ್ಷಣ ನೋಡಿದ್ರೇ ಅರ್ಧ ಉತ್ತರ ಸಿಗುತ್ತೆ. ಒಂದೇ ಲೈಟು ಹತ್ತದಿದ್ರೆ ಬಲ್ಬು ಅಥ್ವಾ ಹೋಲ್ಡರಿನ ಹಸಿರು ತುಕ್ಕು, ಎಮರಿ ಪೇಪರಲ್ಲಿ ಉಜ್ಜಿ. ಎಲ್ಲಾ ಒಟ್ಟಿಗೆ ಸತ್ತಿದ್ರೆ ಪ್ಲಗ್ಗು ಇಲ್ಲಾ ಕಾರಿನ ಫ್ಯೂಸ್. ಎಡ ಇಂಡಿಕೇಟರ್ ಹಾಕಿದ್ರೆ ಎಲ್ಲಾ ಲೈಟು ಸೀರಿಯಲ್ ಸೆಟ್ ಥರ ಮಿಣುಕಿದ್ರೆ, ಅಥ್ವಾ ಬ್ರೇಕ್ ಒತ್ತಿದಾಗ ಹಿಂದಿನ ಲೈಟೇ ಮಂಕಾದ್ರೆ, ಅರ್ತಿಂಗ್ ಸರಿ ಇಲ್ಲ, ಬೇರೆ ಏನೂ ಹುಡುಕೋಕೆ ಹೋಗ್ಬೇಡಿ. ಕರೆಂಟಿಗೆ ವಾಪಸ್ ಹೋಗೋ ದಾರಿ ಸಿಗದೆ ಇನ್ನೊಂದು ಬಲ್ಬಿನ ಒಳಗಿಂದ ನುಗ್ಗಿ ಹೋಗ್ತಾ ಇರುತ್ತೆ.

ಖಾತ್ರಿ ಮಾಡ್ಕೊಳ್ಳೋಕೆ ಒಂದು ಉದ್ದ ವೈರಿನ ಒಂದು ತುದೀನ ಕಾರಿನ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದೀನ ಟ್ರೈಲರ್ ಲೈಟಿನ ಅರ್ತ್ ತಂತಿಗೆ ಮುಟ್ಸಿ. ತಕ್ಷಣ ಎಲ್ಲಾ ನೆಟ್ಟಗೆ ಹತ್ತಿದ್ರೆ ಕಳ್ಳ ಸಿಕ್ಕ. ಟ್ರೈಲರ್ ಫ್ರೇಮಿಗೆ ಅರ್ತ್ ಬೋಲ್ಟ್ ಹಾಕಿರೋ ಜಾಗದಲ್ಲಿ ಪೇಂಟು ತುಕ್ಕು ಕೆರೆದು, ಹೊಳೆಯೋ ಲೋಹ ಕಾಣೋವರೆಗೆ ಉಜ್ಜಿ ಮತ್ತೆ ಬಿಗೀರಿ. ಕೆಲವು ಹಳೇ ಟ್ರೈಲರಲ್ಲಿ ಅರ್ತ್‌ಗೆ ವೈರೇ ಇರಲ್ಲ, ಕಪ್ಲರ್ ಬಾಲ್ ಮೂಲಕಾನೇ ಹೋಗ್ತಿರುತ್ತೆ, ಬಾಲ್‌ಗೆ ಗ್ರೀಸ್ ಹಚ್ಚಿದ ದಿನದಿಂದ ಲೈಟ್ ಆಟ ಆಡುತ್ತೆ. ಪ್ಲಗ್‌ನಿಂದ ಲೈಟ್‌ವರೆಗೆ ಬೇರೆ ಅರ್ತ್ ವೈರ್ ಎಳೆದುಬಿಡಿ, ಒಂದು ಮಧ್ಯಾಹ್ನದ ಕೆಲ್ಸ.

ಬಲ್ಬ್ ಬದಲಾಯಿಸಿದ ಮೇಲೆ ಹುಚ್ಚಾಟ ಶುರುವಾದ್ರೆ ಬಲ್ಬೇ ತಪ್ಪು. ಬ್ರೇಕು ಮತ್ತೆ ಹಿಂದಿನ ಲೈಟು ಒಂದರಲ್ಲೇ ಇರೋ ಕಡೆ 21 ಮತ್ತು 5 ವ್ಯಾಟಿನ ಎರಡು ತಂತಿ ಬಲ್ಬ್ ಬೇಕು, ಅಲ್ಲಿ ಒಂದೇ ತಂತಿಯ ಬಲ್ಬ್ ತುರುಕಿದ್ರೆ ಅದರ ತಳ ಎರಡೂ ಲೈನನ್ನ ಸೇರಿಸಿಬಿಡುತ್ತೆ. ಇಂಡಿಕೇಟರ್ ಟಕಟಕ ಅಂತ ವೇಗವಾಗಿ ಹೊಡೆದ್ರೆ ಒಂದು ಬಲ್ಬ್ ಹೋಗಿದೆ, ಇಲ್ಲಾ ಎಲ್‌ಇಡಿ ಎಳೆಯೋ ಕಡಿಮೆ ಕರೆಂಟನ್ನ ಕಾರು ಬಲ್ಬ್ ಹೋಗಿದೆ ಅಂತ ತಿಳ್ಕೊಂಡಿದೆ.

ಫ್ಯೂಸ್ ಪದೇ ಪದೇ ಹೋದ್ರೆ ಎಲ್ಲೋ ವೈರ್ ಫ್ರೇಮಿಗೆ ಉಜ್ಜಿ ಬರಿದಾಗಿದೆ, ಅದನ್ನ ಹುಡುಕಿ. ದೊಡ್ಡ ಫ್ಯೂಸ್ ಹಾಕಿ ಸುಮ್ನಾದ್ರೆ ಮುಂದೆ ಸುಡೋದು ಕಾರಿನ ವೈರಿಂಗ್. ಹೊಸ ಕಾರುಗಳಲ್ಲಿ ಟೇಲ್ ಲೈಟ್ ವೈರ್ ಕೆರೆದು ಜೋಡ್ಸೋಕೆ ಹೋಗ್ಬೇಡಿ, ಅದು ಕಂಪ್ಯೂಟರ್ ಜೊತೆ ಮಾತಾಡೋ ಲೈನ್, ಆ ಕಾರಿಗೆ ಅಂತಾನೇ ಬರೋ ಟೋ ವೈರಿಂಗ್ ಕಿಟ್ ಹಾಕಿಸಿ. ನೀರಿಗೆ ಇಳಿಸೋ ಮುಂಚೆ ಪ್ಲಗ್ ತೆಗೀರಿ, ಬಿಸಿ ಬಲ್ಬ್ ತಣ್ಣೀರಲ್ಲಿ ಟಪ್ ಅಂತ ಒಡೆಯುತ್ತೆ.

ಪಟ್ಟಿ ಗುಂಯ್ ಅನ್ನುತ್ತೆ, ಸಡಿಲ ಆಗುತ್ತೆ, ಕಯಾಕ್ ಹೊಟ್ಟೆ ಗುಳಿ ಬಿದ್ದಿದೆ

ಗುಂಯ್ ಸದ್ದಿಗೆ ಪಟ್ಟೀಗೆ ಒಂದು ತಿರುವು ಕೊಟ್ಟು ಕಟ್ಟಿ, ನಿಲ್ಲುತ್ತೆ. ಸಡಿಲ ಆಗೋದಕ್ಕೆ ಕಾರಣ ಸಾಮಾನ್ಯವಾಗಿ ನೈಲಾನ್, ಒದ್ದೆಯಾದ್ರೆ ಹಿಗ್ಗುತ್ತೆ, ಪಾಲಿಯೆಸ್ಟರ್ ತಗೊಳ್ಳಿ. ರಾಚೆಟ್ (ಹಿಡಿ ಆಡಿಸಿ ಬಿಗಿಯೋ ಪಟ್ಟಿ) ಬೇಡ, ಅದು ಕೈಗೆ ಗೊತ್ತಾಗದ ಹಾಗೆ ಬಿಗಿಯುತ್ತೆ, ಪ್ಲಾಸ್ಟಿಕ್ ಕಯಾಕ್ ಬಿಸಿಲಲ್ಲಿ ಮೆತ್ತಗಾಗಿ ಪಟ್ಟಿ ಕೆಳಗೆ, ಸಪೋರ್ಟ್ ಮೇಲೆ ಗುಳಿ ಬೀಳುತ್ತೆ. ಕೈಲಿ ಎಳೆದು ಬಿಗಿಯೋ ಬಕಲ್ ಪಟ್ಟಿ ಸಾಕು. ಗುಳಿ ಬಿದ್ದಿದ್ರೆ ಗಾಬರಿ ಬೇಡ, ಪಟ್ಟಿ ತೆಗೆದು ಬಿಸಿಲಲ್ಲಿ ಬೋರಲು ಹಾಕಿ, ಬಹಳಷ್ಟು ತಾನೇ ಎದ್ದು ಬರುತ್ತೆ, ಬೆಂಕಿ ಮಾತ್ರ ಹತ್ರ ತರ್ಬೇಡಿ. ವಿಂಚಿನ ಪಟ್ಟಿ ಒಂದನ್ನೇ ನಂಬ್ಕೊಂಡು ಹೊರಡೋದೂ ತಪ್ಪು, ಅದು ಮೇಲೆಳೆಯೋಕೆ ಇರೋದು, ಹಿಡಿದಿಡೋಕೆ ಅಲ್ಲ.

ಪಟಪಟ ಸದ್ದು ಬಂದ್ರೆ ಹಾಯಿ. ಕಂಬಕ್ಕೆ ಸುತ್ತಿದ್ರೂ ಹೆದ್ದಾರಿ ಗಾಳಿಗೆ ತುದಿ ಬಿಚ್ಕೊಂಡು ಒಂದೇ ಪ್ರಯಾಣದಲ್ಲಿ ಹೊಲಿಗೆ ಹಾಳಾಗುತ್ತೆ, ತೆಗೆದು ಕಾರಿನೊಳಗೆ ಇಡಿ. ಫ್ಲೋಟಿನ ತೋಳು ಮಡಚಿ ಕಟ್ಟಿ, ಚುಕ್ಕಾಣಿ ಮೇಲೆತ್ತಿ ಕಟ್ಟಿ. ಕಂಬ ಹಿಂದಕ್ಕೆ ಚಾಚಿದ್ರೆ ತುದಿಗೆ ಕೆಂಪು ಬಟ್ಟೆ, ರಾತ್ರಿ ಆದ್ರೆ ಕೆಂಪು ಲೈಟು. ಎಷ್ಟು ಚಾಚ್ಬಹುದು ಅನ್ನೋದಕ್ಕೆ ನಿಮ್ಮಲ್ಲಿನ ರಸ್ತೆ ನಿಯಮ ನೋಡ್ಕೊಳ್ಳಿ.

ರಿವರ್ಸ್ ಹಾಕಿದ್ರೆ ಬೇರೆಲ್ಲೋ ಹೋಗುತ್ತೆ

ಇದು ದೋಷ ಅಲ್ಲ, ಗಿಡ್ಡ ಟ್ರೈಲರಿನ ಗುಣ, ಕನ್ನಡೀಲಿ ಕಾಣಿಸೋ ಹೊತ್ತಿಗೆ ಮಡಚ್ಕೊಂಡಿರುತ್ತೆ. ಸ್ಟೀರಿಂಗಿನ ಕೆಳಭಾಗ ಹಿಡೀರಿ, ಟ್ರೈಲರ್ ಯಾವ ಕಡೆ ಹೋಗ್ಬೇಕೋ ಕೈ ಆ ಕಡೆ. ಆಗ್ತಿಲ್ಲ ಅಂದ್ರೆ ಸಮ ನೆಲ ಇರೋ ಕಡೆ ಬಿಚ್ಚಿ ಕೈಲಿ ತಳ್ಳಿ, 160 ಕೆಜಿಗೆ ನಾಚಿಕೆ ಯಾಕೆ. ಇಳಿಜಾರಲ್ಲಿ ಮಾತ್ರ ಬಿಚ್ಬೇಡಿ, ನಿಮ್ಮನ್ನೂ ಎಳ್ಕೊಂಡು ನೀರಿಗೆ ಹೋಗುತ್ತೆ. ಮೇಲೆ ಬರುವಾಗ ಕಾರಿನ ಚಕ್ರ ಜಾರಿದ್ರೆ ಪಾಚಿ, ಕ್ಲಚ್ ಸುಟ್ಟ ವಾಸನೆ ಬಂದ್ರೆ ನಿಲ್ಸಿ ತಣ್ಣಗಾಗೋಕೆ ಬಿಡಿ, ಕಯಾಕನ್ನ ಕೈಲಿ ಹೊತ್ಕೊಂಡು ಬಂದು ಖಾಲಿ ಟ್ರೈಲರ್ ಎಳೀರಿ.

ಕಂಬ ನಿಲ್ಸೋದನ್ನ ಪಾರ್ಕಿಂಗಲ್ಲೇ ಮುಗಿಸಿ ಹಾಗೇ ಟ್ರೈಲರ್ ಮೇಲೆ ನೀರಿನ ತನಕ ಎಳ್ಕೊಂಡು ಹೋಗೋರಿದಾರೆ. ಅಲ್ಯೂಮಿನಿಯಂ, ಕಾರ್ಬನ್ ಎರಡರಲ್ಲೂ ಕರೆಂಟ್ ಹರಿಯುತ್ತೆ, ದಡದ ಹತ್ರ ವಿದ್ಯುತ್ ತಂತಿ ಎಷ್ಟು ಕೆಳಗೆ ಜೋತಾಡ್ತಿರುತ್ತೆ ಅಂತ ತಲೆ ಎತ್ತಿ ನೋಡದೆ ಗೊತ್ತಾಗಲ್ಲ. ಕಂಬ ನಿಲ್ಲಿಸೋದು ನೀರಿನ ಅಂಚಲ್ಲಿ, ಮೇಲೆ ತಂತಿ ಇಲ್ಲದ ಕಡೆ, ವಾಪಸ್ ಬಂದಾಗ ಟ್ರೈಲರ್ ಹತ್ರ ಬರೋ ಮುಂಚೆನೇ ಇಳಿಸಿ.